ಮೀನಿಗಿಂತ ಮೊದಲು ಬ್ಯಾಕ್ಟೀರಿಯಾ: ಕರಾವಳಿಯ ಮನೆಯಲ್ಲಿ ಹೊಸ ಅಕ್ವೇರಿಯಂ

ಹೊಸ ಅಕ್ವೇರಿಯಂಗೆ ಬಿಟ್ಟ ಮೀನುಗಳು ಮೊದಲ ಎರಡು ವಾರಗಳಲ್ಲೇ ಒಂದೊಂದಾಗಿ ಸಾಯತೊಡಗಿದರೆ ಕಾರಣ ಹೆಚ್ಚಾಗಿ ರೋಗವಲ್ಲ, ಅಮೋನಿಯಾ. ಮೀನು ತನ್ನ ದೇಹದ ಸಾರಜನಕದ ಕಲ್ಮಶವನ್ನು ಬಹುಪಾಲು ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ನೀರಿಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರ, ಹಿಕ್ಕೆ, ಕೊಳೆತ ಎಲೆ ಇವೂ ಅಮೋನಿಯಾ ಆಗುತ್ತವೆ. ಹೊಳೆಯಲ್ಲಿ ಅದು ಹರಿದುಹೋಗುತ್ತದೆ. ಗಾಜಿನ ತೊಟ್ಟಿಯಲ್ಲಿ ಅದನ್ನು ತಿಂದು ಮುಗಿಸುವವು ಬ್ಯಾಕ್ಟೀರಿಯಾ ಮಾತ್ರ. ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹವ್ಯಾಸಿಗಳು ಇದನ್ನೇ ತೊಟ್ಟಿ ‘ಸೈಕಲ್ ಆಗುವುದು’ ಎನ್ನುತ್ತಾರೆ. ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಬೆಚ್ಚನೆಯ ಹವೆ ಈ ಕೆಲಸಕ್ಕೆ ಅನುಕೂಲ. ಅಲ್ಲಿನ ಮೆದು ಬಾವಿ ನೀರು ಮತ್ತು ಮಳೆಗಾಲದ ಕರೆಂಟು ತೊಡಕು. ಈ ಮೂರನ್ನೂ ಲೆಕ್ಕಕ್ಕೆ ಹಿಡಿದರೆ ತೊಟ್ಟಿ ಹದಗೊಳಿಸುವುದು ಕಷ್ಟವಲ್ಲ.

ತೊಟ್ಟಿಯೊಳಗೆ ನಡೆಯುವುದು

ಕೆಲಸ ಎರಡು ಹಂತದ್ದು. ಒಂದು ಗುಂಪಿನ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯಾ ಕಿವಿರನ್ನು ಸುಡುತ್ತದೆ. ನೈಟ್ರೈಟ್ ರಕ್ತಕ್ಕೆ ಸೇರಿ, ಆಮ್ಲಜನಕ ಹೊರುವ ಶಕ್ತಿಯನ್ನು ಕುಗ್ಗಿಸಿ, ರಕ್ತವನ್ನು ಕಂದು ಬಣ್ಣಕ್ಕೆ ತಿರುಗಿಸುತ್ತದೆ. ನೈಟ್ರೇಟ್ ಮಾತ್ರ ಕಡಿಮೆ ಪ್ರಮಾಣದಲ್ಲಿ ಮೀನಿಗೆ ಸಹ್ಯ. ಗಿಡಗಳು ಅದನ್ನು ಹೀರುತ್ತವೆ, ಉಳಿದದ್ದು ವಾರಕ್ಕೊಮ್ಮೆ ನೀರು ಬದಲಿಸಿದಾಗ ಹೋಗುತ್ತದೆ.

ರಷ್ಯದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್ಸ್ಕಿ 1890ರ ಸುಮಾರಿಗೆ ಮಣ್ಣಿನಲ್ಲಿ ಈ ಎರಡು ಗುಂಪುಗಳನ್ನು ಬೇರ್ಪಡಿಸಿ ತೋರಿಸಿದರು. ಮೊದಲ ಹಂತಕ್ಕೆ ನೈಟ್ರೊಸೊಮೊನಾಸ್, ಎರಡನೆಯದಕ್ಕೆ ನೈಟ್ರೊಬ್ಯಾಕ್ಟರ್ ಎಂಬ ಪಾಠ ಬಹುಕಾಲ ಅಕ್ವೇರಿಯಂ ಪುಸ್ತಕಗಳಲ್ಲೂ ನಡೆದು ಬಂತು. 1998ರಲ್ಲಿ ತಿಮೊಥಿ ಹೊವಾನೆಕ್ ಮತ್ತು ಸಂಗಡಿಗರು ಸಿಹಿನೀರಿನ ತೊಟ್ಟಿಗಳಲ್ಲಿ ನೈಟ್ರೈಟ್ ತಿನ್ನುವವು ನೈಟ್ರೊಸ್ಪೈರಾ ಬಗೆಯವು ಎಂದು ತೋರಿಸಿದರು. 2015ರಲ್ಲಿ ಎರಡೂ ಹಂತಗಳನ್ನು ಒಂದೇ ಜೀವಿಯಾಗಿ ಮುಗಿಸುವ ನೈಟ್ರೊಸ್ಪೈರಾ ಕೂಡ ಪತ್ತೆಯಾಯಿತು. ಹೆಸರು ಯಾವುದಾದರೂ ಇವೆಲ್ಲದರ ಗುಣ ಒಂದೇ: ಬೆಳವಣಿಗೆ ನಿಧಾನ. ಹಾಲು ಕೆಡಿಸುವ ಬ್ಯಾಕ್ಟೀರಿಯಾ ಅರ್ಧ ಗಂಟೆಯಲ್ಲಿ ಇಮ್ಮಡಿಯಾಗಬಲ್ಲದು. ಇವಕ್ಕೆ ಅರ್ಧ ದಿನದಿಂದ ಒಂದೂವರೆ ದಿನ ಬೇಕು. ವಾರಗಟ್ಟಲೆ ಕಾಯಬೇಕಾದದ್ದು ಈ ಕಾರಣಕ್ಕೆ.

ಇವಕ್ಕೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಹಿತ. ಈ ಮೂರು ತಾಲೂಕುಗಳ ಕರಾವಳಿಯಲ್ಲಿ ಮನೆಯೊಳಗಿನ ತೊಟ್ಟಿಯ ನೀರು ವರ್ಷದ ಬಹುಪಾಲು ದಿನ ಅಷ್ಟೇ ಬೆಚ್ಚಗಿರುತ್ತದೆ. ಹೀಟರಿಗೆ ಕೊಡುವ ದುಡ್ಡನ್ನು ಒಳ್ಳೆಯ ಏರ್ ಪಂಪಿಗೆ ಹಾಕುವುದು ಲಾಭ.

ನೆಲೆ ನೀರಿನಲ್ಲಲ್ಲ, ಸ್ಪಾಂಜಿನಲ್ಲಿ

ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಿಕೊಂಡು ಬದುಕುವುದು ಕಡಿಮೆ. ಸ್ಪಾಂಜು, ಸಿರಾಮಿಕ್ ರಿಂಗ್, ತಳದ ಜಲ್ಲಿ, ಗಾಜು, ಎಲೆ, ಹೀಗೆ ಸಿಕ್ಕ ಮೈಗೆ ತೆಳುವಾದ ಲೋಳೆ ಪದರವಾಗಿ ಅಂಟಿಕೊಳ್ಳುತ್ತವೆ. ಹೆಚ್ಚು ಮೈ, ಅದರ ಮೇಲೆ ಎಡೆಬಿಡದೆ ಹರಿಯುವ ನೀರು, ಆ ನೀರಿನಲ್ಲಿ ಆಮ್ಲಜನಕ ಇವಿಷ್ಟು ಅವುಗಳ ಬೇಡಿಕೆ. 1 ಮಿಲಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು ಸುಮಾರು 4.5 ಮಿಲಿಗ್ರಾಂ ಆಮ್ಲಜನಕ ಖರ್ಚಾಗುತ್ತದೆ. 30 ಡಿಗ್ರಿಯ ನೀರು ಹಿಡಿದಿಡುವುದು ಲೀಟರಿಗೆ ಏಳೂವರೆ ಮಿಲಿಗ್ರಾಂ ಮಾತ್ರ. ಏಪ್ರಿಲ್-ಮೇ ಸೆಕೆಯಲ್ಲಿ ಗಾಳಿಗುಳ್ಳೆ ನಿಲ್ಲಿಸಬಾರದು.

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ಮನೆಗಳಲ್ಲಿ ಸಾಮಾನ್ಯ. ಜಲ್ಲಿ ಹಾಕಿ ತುಂಬಿದರೆ ಅದರಲ್ಲಿ ಸುಮಾರು 50 ಲೀಟರ್ ನೀರು ನಿಲ್ಲುತ್ತದೆ. ಇಲ್ಲಿನ ಲೆಕ್ಕವೆಲ್ಲ ಆ ಅಳತೆಗೇ. ಅದಕ್ಕೆ ಏರ್ ಪಂಪಿನಿಂದ ನಡೆಯುವ ಒಂದು ಸ್ಪಾಂಜ್ ಫಿಲ್ಟರ್ ಸಾಕು. ಸಮುದ್ರದಂಡೆಯ ಮರಳು ತಳಕ್ಕೆ ಬೇಡ. ಅದರಲ್ಲಿ ಉಪ್ಪು ಇರುತ್ತದೆ.

ಬಾವಿ ನೀರು, ನಲ್ಲಿ ನೀರು

ನಲ್ಲಿ ನೀರು, ಅದು ಭಟ್ಕಳಕ್ಕೆ ಬರುವ ಕಡವಿನಕಟ್ಟೆಯದಾಗಲಿ, ಕುಮಟಾ-ಹೊನ್ನಾವರಕ್ಕೆ ಬರುವ ಮರಾಕಲ್ ಯೋಜನೆಯದಾಗಲಿ, ಕ್ಲೋರಿನ್ ಬೆರೆತೇ ಬರುತ್ತದೆ ಎಂದು ಲೆಕ್ಕ ಹಿಡಿಯಬೇಕು. ಕುಡಿಯುವ ನೀರಿನ ರೋಗಾಣುವನ್ನು ಕೊಲ್ಲುವ ಕ್ಲೋರಿನ್ ತೊಟ್ಟಿಯ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲ. ಬಾಯಿ ತೆರೆದ ಬಕೆಟ್ಟಿನಲ್ಲಿ ಗಾಳಿಗುಳ್ಳೆ ಬಿಟ್ಟು ಒಂದು ಹಗಲು ಒಂದು ರಾತ್ರಿ ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯ ಆಂಟಿಕ್ಲೋರಿನ್ ಹನಿ ಹಾಕಬಹುದು. ಅದರ ಮೂಲವಸ್ತು ಹೆಚ್ಚಾಗಿ ಫೋಟೊ ಸ್ಟುಡಿಯೊಗಳ ಕತ್ತಲೆ ಕೋಣೆಯಲ್ಲಿ ಬಳಕೆಯಲ್ಲಿದ್ದ ಹೈಪೊ, ಅಂದರೆ ಸೋಡಿಯಂ ಥಯೊಸಲ್ಫೇಟ್.

ಬಾವಿ ನೀರಿನಲ್ಲಿ ಸಾಧಾರಣವಾಗಿ ಕ್ಲೋರಿನ್ ಇರುವುದಿಲ್ಲ. ಆದರೆ ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದುಂಟು. ಹಾಕಿದ ಮೇಲೆ ಎರಡು-ಮೂರು ದಿನ ಆ ನೀರನ್ನು ತೊಟ್ಟಿಗೆ ಸೇದಬಾರದು. ಶರಾವತಿ, ಅಘನಾಶಿನಿ ಅಳಿವೆಗಳ ಅಂಚಿನ ಕೆಲವು ಬಾವಿಗಳು ಬೇಸಿಗೆಯ ಕೊನೆಗೆ ಸವುಳಾಗುತ್ತವೆ. ನೀರಿನ ಉಪ್ಪು ಒಮ್ಮೆಲೇ ಏರಿದರೂ ಇಳಿದರೂ ಬ್ಯಾಕ್ಟೀರಿಯಾದ ಕೆಲಸ ಕುಂಟುತ್ತದೆ. ಅಂಥ ಬಾವಿಯಿರುವ ಮನೆಯಲ್ಲಿ ಬೇಸಿಗೆಯ ನೀರು ಬದಲಾವಣೆ ಸ್ವಲ್ಪ ಸ್ವಲ್ಪವಾಗಿ ಆಗಬೇಕು.

ಚಿರೆಕಲ್ಲಿನ ನೆಲದ ಬಾವಿ ನೀರಿನ ಮುಖ್ಯ ಗುಣ ಬೇರೆ: ಅದು ಮೆದು, ತುಸು ಆಮ್ಲೀಯ. ಸಾಬೂನು ಬೇಗ ನೊರೆಯಾಗುತ್ತದೆ, ಪಾತ್ರೆಯ ತಳಕ್ಕೆ ಬಿಳಿ ಪೊರೆ ಕೂರುವುದಿಲ್ಲ. ಕುಡಿಯಲು ರುಚಿಯಾದ ಈ ನೀರೇ ಹೊಸ ತೊಟ್ಟಿಯ ಕೆಲಸವನ್ನು ನಡುವೆ ನಿಲ್ಲಿಸುವುದು. ಅದರ ವಿವರ ಮುಂದಿದೆ.

ಮೀನಿಲ್ಲದೆ ಹದಗೊಳಿಸುವ ಕ್ರಮ

ಬ್ಯಾಕ್ಟೀರಿಯಾಕ್ಕೆ ಬೇಕಾದ್ದು ಅಮೋನಿಯಾ. ಅದನ್ನು ಮೀನೇ ಕೊಡಬೇಕೆಂದಿಲ್ಲ. ಅಳತೆ ತಪ್ಪದೆ ಕೊಡಲು ತಕ್ಕ ವಸ್ತು ಅಮೋನಿಯಂ ಕ್ಲೋರೈಡ್, ಅಂದರೆ ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರ. ಕಲಾಯಿಯ ನವಸಾಗರದಲ್ಲಿ ಬೇರೆ ಲೋಹ, ಮಣ್ಣು ಸೇರಿರಬಹುದಾದ್ದರಿಂದ ಪ್ರಯೋಗಾಲಯ ಸಾಮಗ್ರಿ ಮಾರುವಲ್ಲಿ ಸಿಗುವ ಶುದ್ಧ ಪುಡಿಯೇ ಒಳ್ಳೆಯದು. 6 ಗ್ರಾಂ ಪುಡಿಯನ್ನು 1 ಲೀಟರ್ ನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿಟ್ಟರೆ, ತೊಟ್ಟಿಯ ಪ್ರತಿ ಲೀಟರಿಗೆ ಆ ದ್ರಾವಣದ 1 ಮಿಲಿಲೀಟರ್ ಲೆಕ್ಕ. 50 ಲೀಟರ್ ತೊಟ್ಟಿಗೆ 50 ಮಿಲಿಲೀಟರ್ ಹಾಕಿದರೆ ಅಮೋನಿಯಾ ಲೀಟರಿಗೆ ಸುಮಾರು 2 ಮಿಲಿಗ್ರಾಂ ಆಗುತ್ತದೆ. ಹೆಚ್ಚು ಹಾಕಿದರೆ ಕೆಲಸ ಬೇಗ ಆಗುವುದಿಲ್ಲ. 5 ಮಿಲಿಗ್ರಾಂ ದಾಟಿದರೆ ಬ್ಯಾಕ್ಟೀರಿಯಾವೇ ಮಂಕಾಗುತ್ತದೆ. ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ರಂಜಕ ಶುದ್ಧ ನವಸಾಗರದಲ್ಲಿ ಇರುವುದಿಲ್ಲ, ಮೆದು ಬಾವಿ ನೀರಿನಲ್ಲೂ ಅದು ಕಡಿಮೆ. ವಾರಕ್ಕೊಮ್ಮೆ ಒಂದು ಚಿಟಿಕೆ ಮೀನಿನ ಆಹಾರ ಉದುರಿಸಿದರೆ ಆ ಕೊರತೆ ತುಂಬುತ್ತದೆ.

ಪುಡಿ ಸಿಗದಿದ್ದರೆ ಮೀನು ಪೇಟೆಯ ಒಂದು ಸಿಗಡಿ, ಕರಾವಳಿಯ ಮಾತಿನ ಶೆಟ್ಲಿ, ಸಾಕು. ಉಪ್ಪು ಮುಟ್ಟದ ಹಸಿ ಸಿಗಡಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟರೆ ಎರಡು-ಮೂರು ದಿನಗಳಲ್ಲಿ ಕೊಳೆತು ಅಮೋನಿಯಾ ಬರುತ್ತದೆ. ಈ ದಾರಿಯಲ್ಲಿ ಅಳತೆ ಕೈಯಲ್ಲಿರುವುದಿಲ್ಲ, ಮನೆಯಲ್ಲಿ ವಾಸನೆಯೂ ತಪ್ಪುವುದಿಲ್ಲ.

ಅಳೆಯದೆ ಮುಂದೆ ಹೋಗುವಂತಿಲ್ಲ. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ ಈ ನಾಲ್ಕನ್ನೂ ತೋರಿಸುವ ಹನಿ ಕಿಟ್ ಬೇಕು. ಪರೀಕ್ಷಾ ನಳಿಕೆಯಲ್ಲಿ 5 ಮಿಲಿಲೀಟರ್ ತೊಟ್ಟಿಯ ನೀರು ತೆಗೆದುಕೊಂಡು, ಹೇಳಿದಷ್ಟು ಹನಿ ಹಾಕಿ, ಐದು ನಿಮಿಷ ಬಿಟ್ಟು, ಹಗಲು ಬೆಳಕಿನಲ್ಲಿ ಬಿಳಿ ಕಾಗದದ ಮುಂದೆ ಹಿಡಿದು ಬಣ್ಣದ ಪಟ್ಟಿಗೆ ಹೋಲಿಸಬೇಕು. ಸಾಮಾನ್ಯ ಕಿಟ್‌ಗಳಲ್ಲಿ ಅಮೋನಿಯಾ ಇಲ್ಲದಿದ್ದರೆ ಹಳದಿ, ಇದ್ದರೆ ಹಸಿರು. ನೈಟ್ರೈಟ್ ಇಲ್ಲದಿದ್ದರೆ ತಿಳಿ ನೀಲಿ, ಇದ್ದರೆ ನೇರಳೆ. ನೈಟ್ರೇಟಿನ ಎರಡನೆಯ ಬಾಟಲಿಯ ತಳದಲ್ಲಿ ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಅರ್ಧ ನಿಮಿಷ ಜೋರಾಗಿ ಕುಲುಕದಿದ್ದರೆ ಅದು ಸುಳ್ಳು ಸೊನ್ನೆ ತೋರಿಸುತ್ತದೆ.

ಮೊದಲ ವಾರ ಅಮೋನಿಯಾ ಹಾಕಿದಷ್ಟೇ ಇರುತ್ತದೆ. ಮೂರು-ನಾಲ್ಕನೆಯ ದಿನ ನೀರು ಅಕ್ಕಿ ತೊಳೆದಂತೆ ಮಬ್ಬಾಗಬಹುದು. ಅದು ಕೊಳೆ ತಿನ್ನುವ ಬೇರೆ ಬ್ಯಾಕ್ಟೀರಿಯಾದ ಹಾವಳಿ. ತಾನಾಗಿ ತಿಳಿಯಾಗುತ್ತದೆ, ನೀರು ಬದಲಿಸಬೇಕಿಲ್ಲ. ಎರಡನೆಯ ವಾರದ ಹೊತ್ತಿಗೆ ಅಮೋನಿಯಾ ಇಳಿದು ನೈಟ್ರೈಟ್ ಕಾಣಿಸುತ್ತದೆ. ಅಮೋನಿಯಾ ಸೊನ್ನೆಯ ಹತ್ತಿರ ಬಂದಾಗಲೆಲ್ಲ ಮತ್ತೊಂದು 50 ಮಿಲಿಲೀಟರ್ ಹಾಕಬೇಕು. ಮೂರನೆಯ ವಾರ ನೈಟ್ರೈಟ್ ಪಟ್ಟಿಯ ತುದಿ ಮುಟ್ಟಿ ಅಲ್ಲೇ ನಿಂತಂತೆ ಕಾಣುತ್ತದೆ. ಹೆಚ್ಚಿನವರ ತಾಳ್ಮೆ ಮುಗಿಯುವುದು ಇಲ್ಲೇ. ಒಂದು ದಿನ ನೇರಳೆ ಬಣ್ಣ ಇದ್ದಕ್ಕಿದ್ದಂತೆ ನೀಲಿಗೆ ತಿರುಗುತ್ತದೆ. ಆಗ 50 ಮಿಲಿಲೀಟರ್ ಹಾಕಿ 24 ಗಂಟೆ ಬಿಟ್ಟು ಅಳೆದರೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರಬೇಕು. ಬಂದರೆ ತೊಟ್ಟಿ ಸೈಕಲ್ ಆದಂತೆ. ಕೂಡಿಬಿದ್ದ ನೈಟ್ರೇಟ್ ಹೋಗಲು ಮುಕ್ಕಾಲು ಪಾಲು ನೀರು ಬದಲಿಸಿ ಮರುದಿನವೇ ಮೀನು ಬಿಡಬಹುದು. ಬಿಡುವುದು ತಡವಾದರೆ ಅಮೋನಿಯಾ ಹಾಕುವುದನ್ನು ಮುಂದುವರಿಸಬೇಕು. ತಿನ್ನಲು ಇಲ್ಲದ ಬ್ಯಾಕ್ಟೀರಿಯಾ ಸೊರಗುತ್ತದೆ.

ಮೆದು ನೀರಿನಲ್ಲಿ ಕೆಲಸ ನಿಂತಾಗ

ಕೆಲವು ತೊಟ್ಟಿಗಳಲ್ಲಿ ಎರಡನೆಯ ವಾರದವರೆಗೆ ಎಲ್ಲ ಸರಿಯಿದ್ದು, ಆಮೇಲೆ ಅಮೋನಿಯಾ ಇಳಿಯುವುದೇ ನಿಂತುಬಿಡುತ್ತದೆ. ಇಂಥಲ್ಲಿ ಮೊದಲು ನೋಡಬೇಕಾದ್ದು ಪಿಎಚ್. ಅಮೋನಿಯಾ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ, ನೀರಿನ ಕ್ಷಾರೀಯತೆ ಆ ಆಮ್ಲವನ್ನು ನುಂಗುತ್ತದೆ. 1 ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 7 ಮಿಲಿಗ್ರಾಂ ಕ್ಷಾರೀಯತೆ ಖರ್ಚು. ಅಂದರೆ ಮೇಲೆ ಹೇಳಿದ ಒಂದು ಸಲದ ಅಮೋನಿಯಾ ಲೀಟರಿಗೆ 12 ಮಿಲಿಗ್ರಾಂನಷ್ಟು ಕ್ಷಾರೀಯತೆಯನ್ನು ತಿನ್ನುತ್ತದೆ. ಲೀಟರಿಗೆ 30 ಮಿಲಿಗ್ರಾಂ ಮಾತ್ರ ಇರುವ ಮೆದು ನೀರು ಮೂರನೆಯ ಸಲಕ್ಕೇ ಬರಿದಾಗುತ್ತದೆ. ಪಿಎಚ್ 6.5ಕ್ಕಿಂತ ಇಳಿದರೆ ಬ್ಯಾಕ್ಟೀರಿಯಾ ನಿಧಾನವಾಗುತ್ತದೆ, 6ರ ಸುಮಾರಿಗೆ ಬಹುತೇಕ ನಿಂತೇಹೋಗುತ್ತದೆ.

ತುರ್ತು ಉಪಾಯ ಅಡುಗೆ ಸೋಡಾ. 50 ಲೀಟರ್ ನೀರಿಗೆ 1 ಗ್ರಾಂ, ಅಂದರೆ ಸುಮಾರು ಕಾಲು ಟೀ ಚಮಚ ಸೋಡಾ, ಲೀಟರಿಗೆ 12 ಮಿಲಿಗ್ರಾಂ ಕ್ಷಾರೀಯತೆ ಕೊಡುತ್ತದೆ. ಒಂದು ಸಲದ ಅಮೋನಿಯಾ ತಿಂದದ್ದು ಅಷ್ಟೇ. ಹಾಗಾಗಿ ಅಮೋನಿಯಾ ಹಾಕಿದಾಗಲೆಲ್ಲ ಕಾಲು ಚಮಚ ಸೋಡಾ ಎಂದು ನೆನಪಿಟ್ಟುಕೊಂಡರೆ ಲೆಕ್ಕ ಸರಿಹೋಗುತ್ತದೆ.

ಕಾಯಂ ಉಪಾಯ ಚಿಪ್ಪಿ. ಅಘನಾಶಿನಿಯ ಅಳಿವೆಯಲ್ಲಿ ಹೆಕ್ಕಿ ತಂದ ಚಿಪ್ಪಿಯ ಮಾಂಸ ಅಡುಗೆಗೆ ಹೋದ ಮೇಲೆ ಉಳಿಯುವ ಕವಚ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಕುದಿಸಿ, ಉಳಿದ ಮಾಂಸದ ಎಳೆ ಉಜ್ಜಿ ತೆಗೆದು, ಎರಡು-ಮೂರು ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ, ಒಡೆದು, ಒಂದು ಹಿಡಿಯಷ್ಟನ್ನು ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ನೀರು ಹರಿಯುವ ಕಡೆ ಇಡಬೇಕು. ನೀರು ಆಮ್ಲೀಯವಾದಷ್ಟೂ ಚಿಪ್ಪಿ ಹೆಚ್ಚು ಕರಗುತ್ತದೆ, ಪಿಎಚ್ ಏರಿದಂತೆ ಕರಗುವುದು ತಾನೇ ಕಡಿಮೆಯಾಗುತ್ತದೆ. ಚಿಪ್ಪಿಯನ್ನು ಸುಟ್ಟು ಮಾಡಿದ ಸುಣ್ಣವನ್ನು ಮಾತ್ರ ತೊಟ್ಟಿಗೆ ಮುಟ್ಟಿಸಬಾರದು. ಸುಣ್ಣದ ತಿಳಿನೀರಿನ ಪಿಎಚ್ 12ನ್ನು ದಾಟುತ್ತದೆ. ತೊಟ್ಟಿಯಲ್ಲಿ ಯಾವ ಜೀವವೂ ಉಳಿಯುವುದಿಲ್ಲ.

ಮೀನಿರುವ ತೊಟ್ಟಿಯಲ್ಲಿ ಪಿಎಚ್ ಏರಿಸುವ ಮೊದಲು ಅಮೋನಿಯಾ ಅಳೆಯುವುದು ಕಡ್ಡಾಯ. 28 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ನೂರಕ್ಕೆ ಒಂದರಷ್ಟೂ ಇಲ್ಲ. ಪಿಎಚ್ 8 ಆದರೆ ಅದು ನೂರಕ್ಕೆ ಆರನ್ನು ದಾಟುತ್ತದೆ. ಆಮ್ಲೀಯ ನೀರಿನಲ್ಲಿ ಮಲಗಿದ್ದ ಅಮೋನಿಯಾ ಒಂದು ಚಮಚ ಸೋಡಾಕ್ಕೆ ಎದ್ದು ಕೂರಬಹುದು. ಮೊದಲು ನೀರು ಬದಲಿಸಿ ಅಮೋನಿಯಾ ಇಳಿಸಿ, ಆಮೇಲೆ ದಿನಗಳ ಅಂತರದಲ್ಲಿ ಪಿಎಚ್ ಏರಿಸಬೇಕು.

ಹೆಪ್ಪು ಹಾಕುವುದು

ಕಾಯುವ ದಿನಗಳನ್ನು ಅರ್ಧಕ್ಕೆ ಇಳಿಸುವ ದಾರಿ ಹೆಪ್ಪು. ಆರು ತಿಂಗಳಿಗಿಂತ ಹೆಚ್ಚು ಕಾಲ ಮೀನು ಆರೋಗ್ಯವಾಗಿರುವ ಪರಿಚಿತರ ತೊಟ್ಟಿಯಿಂದ ಒಂದು ತುಂಡು ಹಳೆಯ ಸ್ಪಾಂಜು ಅಥವಾ ಹಿಡಿ ಸಿರಾಮಿಕ್ ರಿಂಗ್ ತಂದು ಹೊಸ ಫಿಲ್ಟರಿನೊಳಗೆ ಇಡಬೇಕು. ಅದೇ ತೊಟ್ಟಿಯ ನೀರಿನಲ್ಲಿ ಮುಳುಗಿಸಿ, ಡಬ್ಬಿಯಲ್ಲಿ ಗಾಳಿಗೆ ಜಾಗ ಬಿಟ್ಟು, ಬಿಸಿಲು ತಾಗದಂತೆ ಕೆಲವೇ ಗಂಟೆಗಳಲ್ಲಿ ತರಬೇಕು. ಹಳೆಯ ತೊಟ್ಟಿಯ ನೀರನ್ನಷ್ಟೇ ತಂದು ಸುರಿದರೆ ಪ್ರಯೋಜನ ಅಲ್ಪ, ಬ್ಯಾಕ್ಟೀರಿಯಾ ಇರುವುದು ಸ್ಪಾಂಜಿನಲ್ಲಿ.

ಕೆರೆಯ ಕೆಸರು, ಗದ್ದೆಯ ನೀರು ತಂದರೆ ಪರಾವಲಂಬಿ ಹುಳಗಳೂ ಬರುತ್ತವೆ. ಅಳಿವೆಯ ಕೆಸರಿನ ಬ್ಯಾಕ್ಟೀರಿಯಾ ಉಪ್ಪಿಗೆ ಒಗ್ಗಿದವು, ಸಿಹಿನೀರಿಗೆ ಆಗಿಬರುವುದಿಲ್ಲ. ಸಮುದ್ರದ ನೀರಿನ ತೊಟ್ಟಿ ಮಾಡುವವರು ಹೆಪ್ಪಿಗಾಗಿ ಮುರ್ಡೇಶ್ವರದ ಆಚೆಯ ನೇತ್ರಾಣಿಯಿಂದ ಹವಳದ ತುಂಡು ತರುವ ಯೋಚನೆ ಮಾಡಬಾರದು. ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅಂಗಡಿಯ ಬಾಟಲಿ ಬ್ಯಾಕ್ಟೀರಿಯಾದಲ್ಲಿ ಎರಡು ಬಗೆ. ಬ್ಯಾಸಿಲಸ್ ಎಂದು ಬರೆದಿರುವುದು ಕೊಳೆ ಕರಗಿಸುತ್ತದೆ, ನೈಟ್ರೈಟಿಗೆ ಉಪಯೋಗವಿಲ್ಲ. ನೈಟ್ರೊಸೊಮೊನಾಸ್, ನೈಟ್ರೊಸ್ಪೈರಾ ಹೆಸರಿರುವುದು ಕೆಲಸಕ್ಕೆ ಬರಬಹುದು, ಆದರೆ ಅವು ಬೀಜಕ ಕಟ್ಟುವ ಜಾತಿಯವಲ್ಲ. ಬಿಸಿಲಲ್ಲಿ ಬೆಂದ ಬಾಟಲಿಯಲ್ಲಿ ಜೀವ ಉಳಿದಿರುವುದಿಲ್ಲ.

ಮೀನು ಈಗಾಗಲೇ ಮನೆಗೆ ಬಂದಿದ್ದರೆ

ಹಲವು ಮನೆಗಳಲ್ಲಿ ತೊಟ್ಟಿಯೂ ಮೀನೂ ಒಂದೇ ದಿನ ಬಂದಿರುತ್ತವೆ. ಆಗ ನಾಲ್ಕೈದು ಗಪ್ಪಿ ಅಥವಾ ಎರಡು-ಮೂರು ಮೊಲ್ಲಿಯಂಥ ಗಟ್ಟಿ ಮೀನು ಮಾತ್ರ ಇಟ್ಟುಕೊಂಡು ಉಳಿದವನ್ನು ಹದವಾದ ತೊಟ್ಟಿಯಿರುವವರಿಗೆ ಕೊಡುವುದು ಒಳಿತು. ಗೋಲ್ಡ್‌ಫಿಶ್ ಹೆಚ್ಚು ಕಲ್ಮಶ ಮಾಡುವ ಮೀನು, 50 ಲೀಟರ್ ತೊಟ್ಟಿಗೆ ಎಂದಿಗೂ ತಕ್ಕುದಲ್ಲ. ಆಹಾರ ಎರಡು ದಿನಕ್ಕೊಮ್ಮೆ, ಒಂದು ನಿಮಿಷದಲ್ಲಿ ಮುಗಿಯುವಷ್ಟು. ದಿನವೂ ಅಳೆದು, ಅಮೋನಿಯಾ ಅಥವಾ ನೈಟ್ರೈಟ್ ಲೀಟರಿಗೆ ಅರ್ಧ ಮಿಲಿಗ್ರಾಂ ಮುಟ್ಟಿದರೆ ಮೂರನೆಯ ಒಂದು ಪಾಲು ನೀರು ಬದಲಿಸಬೇಕು.

ನೈಟ್ರೈಟ್ ಏರಿದಾಗ ಉಪ್ಪು ಮೀನಿನ ಪ್ರಾಣ ಉಳಿಸುತ್ತದೆ. ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುತ್ತದೆ. ಗೋಕರ್ಣದ ಬಳಿಯ ಸಾಣಿಕಟ್ಟಾದ ಹರಳುಪ್ಪು ಇದಕ್ಕೆ ಚೆನ್ನಾಗಿ ಒದಗುತ್ತದೆ. 10 ಲೀಟರಿಗೆ 1 ಗ್ರಾಂ, 50 ಲೀಟರ್ ತೊಟ್ಟಿಗೆ ಒಂದು ಟೀ ಚಮಚ ಸಾಕು. ಲೋಟದ ನೀರಿನಲ್ಲಿ ಕರಗಿಸಿ, ಕೆಳಗಿಳಿದ ಕಸರು ಬಿಟ್ಟು ತಿಳಿಯನ್ನಷ್ಟೇ ಸುರಿಯಬೇಕು. ಇದು ನೈಟ್ರೈಟನ್ನು ತೆಗೆಯುವುದಿಲ್ಲ, ಬ್ಯಾಕ್ಟೀರಿಯಾ ಬೆಳೆಯುವವರೆಗೆ ಮೀನನ್ನು ಕಾಯುತ್ತದೆ ಅಷ್ಟೇ.

ಕರೆಂಟು ಹೋದಾಗ

ಮಳೆಗಾಲದ ಗಾಳಿಗೆ ಮರ ಉರುಳಿ ತಂತಿ ಹರಿದರೆ ಕೆಲವೊಮ್ಮೆ ದಿನವಿಡೀ ವಿದ್ಯುತ್ ಇರುವುದಿಲ್ಲ. ಒಂದೆರಡು ಗಂಟೆ ಪಂಪ್ ನಿಂತರೆ ಹಾನಿಯಿಲ್ಲ. ಅದಕ್ಕಿಂತ ಹೆಚ್ಚಾದರೆ ಮುಚ್ಚಿದ ಫಿಲ್ಟರಿನೊಳಗಿನ ಆಮ್ಲಜನಕ ತೀರಿ ಬ್ಯಾಕ್ಟೀರಿಯಾ ಸಾಯತೊಡಗುತ್ತದೆ. ಸಣ್ಣ ಏರ್ ಪಂಪಿಗೆ ಮೂರರಿಂದ ಐದು ವಾಟ್ ಸಾಕು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಸಾಲಿಗೆ ಸೇರಿಸಿಬಿಡಬೇಕು. ಇಲ್ಲದಿದ್ದರೆ ಬ್ಯಾಟರಿಯ ಏರ್ ಪಂಪ್ ಒಂದನ್ನು ಜೂನ್ ಹೊತ್ತಿಗೆ ತಂದಿಟ್ಟಿರಬೇಕು. ಅದೂ ಇಲ್ಲದಿದ್ದರೆ ಸ್ಪಾಂಜನ್ನು ಫಿಲ್ಟರಿನ ಪೆಟ್ಟಿಗೆಯಿಂದ ಬಿಡಿಸಿ ತೊಟ್ಟಿಯ ತೆರೆದ ನೀರಿನಲ್ಲಿ ಬಿಟ್ಟು, ಲೋಟದಲ್ಲಿ ನೀರು ಎತ್ತಿ ಆಗಾಗ ಮೇಲಿನಿಂದ ಸುರಿಯಬಹುದು. ಕರೆಂಟು ಬಂದ ಮೇಲೆ ಮುಚ್ಚಿದ ಫಿಲ್ಟರಿನಲ್ಲಿ ನಿಂತಿದ್ದ ನೀರನ್ನು ಹೊರಗೆ ಚೆಲ್ಲಿಯೇ ಪಂಪ್ ಹಾಕಬೇಕು. ಆ ದಿನ ಮೀನಿಗೆ ಉಪವಾಸ, ಮುಂದಿನ ಮೂರು ದಿನ ಅಮೋನಿಯಾದ ಅಳತೆ.

ನೆಲೆ ಕೆಡದಂತೆ

ಹದವಾದ ತೊಟ್ಟಿಗೂ ಎಲ್ಲ ಮೀನು ಒಮ್ಮೆಲೇ ಬೇಡ. ನಾಲ್ಕೈದು ಬಿಟ್ಟು, ಎರಡು ವಾರ ಅಳತೆ ನೋಡಿ, ಮತ್ತೆ ನಾಲ್ಕು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕು. ಸ್ಪಾಂಜು ಕಟ್ಟಿಕೊಂಡಾಗ ತೊಟ್ಟಿಯಿಂದ ತೆಗೆದ ನೀರಿನ ಬಕೆಟ್ಟಿನಲ್ಲೇ ಎರಡು ಸಲ ಹಿಂಡಿ ಮರಳಿ ಹಾಕಬೇಕು. ನಲ್ಲಿಯ ಕೆಳಗೆ ತಿಕ್ಕಿ ತೊಳೆದರೆ ಒಂದೂವರೆ ತಿಂಗಳ ಕೆಲಸ ಒಂದು ನಿಮಿಷಕ್ಕೆ ಕೊಚ್ಚಿಹೋಗುತ್ತದೆ. ಸ್ಪಾಂಜು ಬದಲಿಸಲೇಬೇಕಾದರೆ ಹಳೆಯದರ ಜೊತೆ ಹೊಸದನ್ನು ಒಂದು ತಿಂಗಳು ಇಟ್ಟು ಆಮೇಲೆ ಹಳೆಯದನ್ನು ತೆಗೆಯಬೇಕು. ಮೀನಿಗೆ ಕಾಯಿಲೆ ಬಂದರೆ ಮಿಥಿಲೀನ್ ಬ್ಲೂ ಅಥವಾ ಆಂಟಿಬಯೊಟಿಕ್ ಚಿಕಿತ್ಸೆ ಬೇರೆ ಟಬ್ಬಿನಲ್ಲಿ ನಡೆಯಲಿ. ಈ ಔಷಧಿಗಳು ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಲ್ಲಬಲ್ಲವು.

ಈ ಸೀಮೆಯಲ್ಲಿ ಹೊಸ ತೊಟ್ಟಿ ಹೂಡಲು ಒಳ್ಳೆಯ ಕಾಲ ಮಳೆ ಹಿಂದೆ ಸರಿದ ಅಕ್ಟೋಬರ್. ಆಗ ಗಾಳಿಮಳೆಗೆ ಕರೆಂಟು ಹೋಗುವುದು ಕಡಿಮೆ, ಬಾವಿ ತುಂಬಿರುತ್ತದೆ, ನೀರು ಬೆಚ್ಚಗಿರುತ್ತದೆ. ಮಕ್ಕಳ ಬೇಸಿಗೆ ರಜೆಯ ಹೊತ್ತಿಗೆ ತೊಟ್ಟಿಯಲ್ಲಿ ಮೀನು ಓಡಾಡಬೇಕಿದ್ದರೆ ಫೆಬ್ರವರಿ ಮುಗಿಯುವುದರೊಳಗೆ ಅದಕ್ಕೆ ನೀರು ತುಂಬಿಸಿರಬೇಕು.